ಬೆಂಕಿ ಹೊರಗೆಳೆದ ಮೇಲೆ ಬೇಯಿಸುವ ಓವನ್: ಹಿತ್ತಿಲಲ್ಲಿ ಜೇಡಿಮಣ್ಣು ಮತ್ತು ಮರಳಿನ ಗುಮ್ಮಟ

ಈ ಓವನ್ನಿನಲ್ಲಿ ಬ್ರೆಡ್ಡು ಒಳಗೆ ಹೋಗುವ ಹೊತ್ತಿಗೆ ಬೆಂಕಿ ಹೊರಗೆ ಬಂದಿರುತ್ತದೆ. ಎರಡೂವರೆ ಗಂಟೆ ಸೌದೆ ಉರಿಸಿ, ಕೆಂಡವನ್ನೆಲ್ಲ ಬಾಂಡ್ಲಿಗೆ ಎಳೆದು, ಒದ್ದೆ ಗೋಣಿಯಿಂದ ಒಳನೆಲ ಒರೆಸಿ, ಆಮೇಲೆ ಹಿಟ್ಟು ಇಟ್ಟು ಬಾಗಿಲು ಮುಚ್ಚಬೇಕು. ನಮ್ಮ ಹಿತ್ತಿಲಲ್ಲಿ ಇದನ್ನು ಮೊದಲ ಸಲ ಕಂಡ ಅತ್ತೆ, "ಉರಿಯನ್ನೆಲ್ಲ ಆಚೆ ಸುರಿದೆಯಲ್ಲೋ, ಇನ್ನು ಯಾವುದರಿಂದ ಬೇಯಿಸುತ್ತೀಯ?" ಎಂದು ಕೇಳಿದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹೊಳೆಯದೆ ಗುದ್ದಲಿ ಹಿಡಿದಿದ್ದಕ್ಕೇ ನನ್ನ ಮೊದಲ ಓವನ್ ಒಂದು ಮಳೆಗಾಲವನ್ನೂ ದಾಟಲಿಲ್ಲ.

ನಮಗೆ ಗೊತ್ತಿರುವ ಒಲೆಯಲ್ಲಿ ಉರಿಗೂ ಪಾತ್ರೆಗೂ ನೇರ ಸಂಬಂಧ. ಉರಿ ಆರಿದರೆ ಸಾರು ಕುದಿಯುವುದು ನಿಲ್ಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗ ಹಳ್ಳಿಗಳಿಗೆಂದು ರೂಪಿಸಿದ ಅಸ್ತ್ರ ಒಲೆಯ ಜಾಣತನವೂ ಅದೇ: ಉರಿಯ ಬಿಸಿ ಗೋಡೆಗೆ ಹೋಗಿ ಪೋಲಾಗದೆ ಆದಷ್ಟೂ ಪಾತ್ರೆಯ ತಳಕ್ಕೇ ತಾಗಬೇಕು. ಮಣ್ಣಿನ ಓವನ್ ಇದಕ್ಕೆ ತದ್ವಿರುದ್ಧ. ಇಲ್ಲಿ ಉರಿ ಮೊದಲು ಗೋಡೆಯನ್ನೇ ಕಾಯಿಸಬೇಕು, ಗೋಡೆ ಆ ಬಿಸಿಯನ್ನು ಹೊಟ್ಟೆ ತುಂಬ ಉಣ್ಣಬೇಕು, ಆಮೇಲೆ ಗಂಟೆಗಟ್ಟಲೆ ಸಾವಕಾಶವಾಗಿ ಒಳಗಿರುವ ಹಿಟ್ಟಿಗೆ ಬಡಿಸಬೇಕು. ಮೇಲಿನಿಂದ, ಸುತ್ತಲಿಂದ, ಕೆಳಗಿನ ಇಟ್ಟಿಗೆಯಿಂದ ಏಕಕಾಲಕ್ಕೆ ಬರುವ ಆ ಸಮನಾದ ಕಾವಿಗೇ ಬ್ರೆಡ್ಡಿನ ಮೇಲ್ಪದರ ಗರಿಗರಿಯಾಗುವುದು.

ಇಂಗ್ಲಿಷಿನವರು ಜೇಡಿಮಣ್ಣು, ಮರಳು, ಹುಲ್ಲು ಕಲಸಿದ ಮಿಶ್ರಣವನ್ನು ಕಾಬ್ ಎನ್ನುತ್ತಾರೆ. ಆ ಪದಕ್ಕೆ ಉಂಡೆ, ಮುದ್ದೆ ಎಂಬ ಅರ್ಥವಿದೆ. ಇಂಗ್ಲೆಂಡಿನ ನೈಋತ್ಯದ ಡೆವನ್ ಸೀಮೆಯಲ್ಲಿ ಈ ಮುದ್ದೆಗಳನ್ನು ಒಂದರ ಮೇಲೊಂದು ಒತ್ತಿ ಕಟ್ಟಿದ ಶತಮಾನಗಳಷ್ಟು ಹಳೆಯ ಮನೆಗಳು ಇಂದಿಗೂ ನಿಂತಿವೆ. ಗುಮ್ಮಟದಾಕಾರದ ಮಣ್ಣಿನ ಓವನ್ನಿನ ಕುಲ ಇನ್ನೂ ದೊಡ್ಡದು. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ರೈತರು ಮನೆಯ ಹೊರಗೆ ಕಟ್ಟಿಕೊಂಡಿದ್ದು ಇದನ್ನೇ. ಅಮೆರಿಕದ ನ್ಯೂ ಮೆಕ್ಸಿಕೊದ ಪ್ಯೂಬ್ಲೊ ಜನ ಇಂದಿಗೂ ಬ್ರೆಡ್ಡು ಸುಡುವ 'ಓರ್ನೊ' ಇದರ ದಾಯಾದಿ. ಅದು ಅರಬರಿಂದ ಸ್ಪೇನಿಗೆ, ಸ್ಪೇನಿನವರಿಂದ ಅಲ್ಲಿಗೆ ಹೋದದ್ದು. ನಮ್ಮಲ್ಲಿ ಮಣ್ಣಿನ ಗೋಡೆ ಹೊಸದಲ್ಲ, ಮಣ್ಣಿನ ಒಲೆಯೂ ಹೊಸದಲ್ಲ. ಹೊಸದು ಈ ಮುಚ್ಚಿದ ಗುಮ್ಮಟ ಮಾತ್ರ.

ಗುಮ್ಮಟಕ್ಕೆ ಎರಡು ಪದರಗಳಿರುತ್ತವೆ. ಒಳಗಿನದು ಹೊಟ್ಟೆ, ಹೊರಗಿನದು ಕಂಬಳಿ. ಒಳಪದರ ಬಿಸಿಯನ್ನು ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ತೂಕ ಬೇಕು, ಒತ್ತೊತ್ತಾಗಿರಬೇಕು, ಆದ್ದರಿಂದ ಬರೀ ಜೇಡಿಮಣ್ಣು ಮತ್ತು ಮರಳು. ಹೊರಪದರ ಆ ಬಿಸಿ ಆಚೆ ಹೋಗದಂತೆ ತಡೆಯಬೇಕು. ಅದಕ್ಕೆ ಹಗುರತನ ಬೇಕು, ಒಳಗೆ ಗಾಳಿ ಸಿಕ್ಕಿಕೊಂಡಿರಬೇಕು, ಆದ್ದರಿಂದ ಹೊಟ್ಟು ಅಥವಾ ಹುಲ್ಲು. ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ. ನಾನು ಮೊದಲ ಸಲ ಮಾಡಿದ್ದು ಎರಡನ್ನೂ ಕಲಸಿ ಆರು ಇಂಚಿನ ಒಂದೇ ಗೋಡೆ. ಊರಲ್ಲಿ ಗೋಡೆಯ ಮಣ್ಣಿಗೆ ಹುಲ್ಲು ಹಾಕಿ ತುಳಿಯುತ್ತಾರಲ್ಲ, ಇದಕ್ಕೂ ಹಾಗೆಯೇ ಎಂದುಕೊಂಡಿದ್ದೆ. ಉರಿ ಹಾಕಿದಾಗ ಒಳಮೈಯಲ್ಲಿದ್ದ ಹುಲ್ಲು ಸುಟ್ಟುಹೋಗಿ ಗೋಡೆಯ ತುಂಬ ತೂತು ಉಳಿಯಿತು. ಗಟ್ಟಿತನವೂ ಹೋಯಿತು, ಬಿಸಿ ಹಿಡಿಯುವ ಶಕ್ತಿಯೂ ಹೋಯಿತು. ಎರಡು ಗಂಟೆ ಕಳೆಯುವಷ್ಟರಲ್ಲಿ ಹೊರಮೈ ಮುಟ್ಟಲಾಗದಷ್ಟು ಸುಡುತ್ತಿತ್ತು, ಒಳಗಿದ್ದ ಬ್ರೆಡ್ಡಿನ ನೆತ್ತಿ ಮಾತ್ರ ಬಿಳಿಚಿಕೊಂಡೇ ಇತ್ತು.

ಇನ್ನು ಮಣ್ಣಿನ ಮಾತು. ಜೇಡಿ ಎಂದರೆ ಬರೀ ನುಣುಪಾದ ಮಣ್ಣಲ್ಲ. ಅದರ ಕಣಗಳು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಪಾಲಿಗಿಂತ ಚಿಕ್ಕವು, ಹಪ್ಪಳದ ಹಾಗೆ ಚಪ್ಪಟೆ. ನೀರು ಬಿದ್ದಾಗ ಈ ಹಪ್ಪಳಗಳು ಒಂದರ ಮೇಲೊಂದು ಜಾರುತ್ತವೆ. ಅದಕ್ಕೇ ಮಣ್ಣು ಹೇಳಿದ ಮಾತು ಕೇಳುತ್ತದೆ. ಒಣಗಿದಾಗ ನಡುವಿನ ನೀರು ಹೋಗಿ ಹತ್ತಿರ ಬಂದು ಅಂಟಿಕೊಳ್ಳುತ್ತವೆ. ಅಂಟುವುದು ನಮಗೆ ಬೇಕಾದದ್ದು, ಆದರೆ ಹತ್ತಿರ ಬರುವುದೆಂದರೆ ಕುಗ್ಗುವುದು, ಕುಗ್ಗಿದರೆ ಬಿರುಕು. ಇಲ್ಲಿಗೆ ಮರಳು ಬೇಕು. ಮರಳು ಕುಗ್ಗುವುದಿಲ್ಲ. ಹರಳಿಗೆ ಹರಳು ತಾಗಿ ನಿಂತರೆ ಅದೇ ಅಸ್ಥಿಪಂಜರ; ಜೇಡಿ ಆ ಸಂದುಗಳನ್ನು ತುಂಬುವ ಅಂಟು. ಮಿಶ್ರಣದಲ್ಲಿ ಮರಳಿನದೇ ಸಿಂಹಪಾಲು ಎಂಬುದು ಮೊದಲ ಸಲ ಕೇಳುವವರಿಗೆ ವಿಚಿತ್ರವೆನಿಸುತ್ತದೆ: ಒಂದು ಪಾಲು ಜೇಡಿಗೆ ಎರಡರಿಂದ ಮೂರು ಪಾಲು ಮರಳು.

ಆದರೆ ಯಾವ ಜೇಡಿ? ಎರೆಮಣ್ಣಿನ ಸೀಮೆಯವರಿಗೆ ಸ್ವಲ್ಪ ನಿರಾಸೆಯ ಸುದ್ದಿ. ಅದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜವಿದೆ. ಅದು ನೀರನ್ನು ತನ್ನ ಪದರಗಳ ಒಳಕ್ಕೇ ಎಳೆದುಕೊಂಡು ಉಬ್ಬುತ್ತದೆ, ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಹೊಲದಲ್ಲಿ ಆಗುವುದೇ ಗುಮ್ಮಟದಲ್ಲೂ ಆಗುತ್ತದೆ. ಕೆಂಪು ಮಣ್ಣಿನ ಜೇಡಿಯಲ್ಲಿ ಕೇಯೊಲಿನೈಟ್ ಹೆಚ್ಚು. ಅದು ಅಷ್ಟಾಗಿ ಉಬ್ಬುವುದಿಲ್ಲ, ಬಿಸಿಗೂ ಒಳ್ಳೆಯದು. ಮೇಲಿನ ಒಂದು ಅಡಿ ಗೊಬ್ಬರದಂಶದ ಮಣ್ಣನ್ನು ಸರಿಸಿ ಕೆಳಗಿನದನ್ನು ತೆಗೆಯಬೇಕು. ಬಾವಿ ತೋಡಿದ ಮಣ್ಣೋ, ಅಡಿಪಾಯ ತೋಡಿದ ಮಣ್ಣೋ ಸಿಕ್ಕರೆ ಅದೃಷ್ಟ. ಹುತ್ತದ ಮಣ್ಣು ಶ್ರೇಷ್ಠ, ಏಕೆಂದರೆ ಗೆದ್ದಲು ಕೆಳಗಿನ ಜೇಡಿಯನ್ನೇ ಹೆಕ್ಕಿ ಮೇಲೆ ತರುತ್ತದೆ. ಒಲೆ ಮೆತ್ತುವವರಿಗೆ ಇದು ತಲೆಮಾರುಗಳಿಂದ ಗೊತ್ತು. ಆದರೆ ನಮ್ಮ ಕಡೆ ಹುತ್ತಕ್ಕೆ ಹಾಲೆರೆಯುವವರಿದ್ದಾರೆ, ಗುದ್ದಲಿ ಹಾಕುವ ಮೊದಲು ಅಕ್ಕಪಕ್ಕದವರನ್ನು ಕೇಳುವುದು ಕ್ಷೇಮ. ಕರಾವಳಿಯವರಿಗೆ ಇನ್ನೊಂದು ಅನುಕೂಲವಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ ನೇತ್ರಾವತಿ, ಗುರುಪುರ ನದಿದಂಡೆಗಳ ಜೇಡಿಯನ್ನು ನಂಬಿಕೊಂಡು. ಒಡೆದ ಮಂಗಳೂರು ಹೆಂಚನ್ನು ಕುಟ್ಟಿ ಜರಡಿ ಹಿಡಿದು ಸ್ವಲ್ಪ ಮರಳಿನ ಬದಲಿಗೆ ಬಳಸಬಹುದು. ಒಮ್ಮೆ ಸುಟ್ಟದ್ದು ಮತ್ತೆ ಕುಗ್ಗುವುದಿಲ್ಲ.

ಮರಳಿಗೆ ಎಂ-ಸ್ಯಾಂಡ್ ನಡೆಯುತ್ತದೆ. ಇಲ್ಲಿ ಅದೇ ಮೇಲು ಎಂದರೂ ತಪ್ಪಲ್ಲ, ಕಲ್ಲು ಒಡೆದು ಮಾಡಿದ ಹರಳುಗಳಿಗೆ ಮೂಲೆಗಳಿರುತ್ತವೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹೊಳೆಮರಳು ಗುಂಡಗೆ, ಜಾರುತ್ತದೆ. ದೂಳು ಹೆಚ್ಚಿದ್ದರೆ ಮಾತ್ರ ಜರಡಿ ಹಿಡಿಯಬೇಕು.

ನಿಮ್ಮ ಮಣ್ಣಿನಲ್ಲಿ ಮೊದಲೇ ಎಷ್ಟು ಮರಳಿದೆ ಎಂಬುದು ಪುಸ್ತಕದ ಲೆಕ್ಕಕ್ಕೆ ಗೊತ್ತಿರುವುದಿಲ್ಲ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮಿಕ್ಕದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಬೀಳುತ್ತದೆ, ಅದರ ಮೇಲೆ ಹೂಳು, ಜೇಡಿ ಕೂರುವುದಕ್ಕೆ ದಿನವೇ ಬೇಕು. ಪದರಗಳ ದಪ್ಪ ನೋಡಿದರೆ ಅಂದಾಜು ಸಿಗುತ್ತದೆ. ನನಗೆ ಇದಕ್ಕಿಂತ ನಂಬಿಕೆಯಿರುವುದು ಬಿಸ್ಕತ್ತು ಪರೀಕ್ಷೆಯ ಮೇಲೆ. ಮಣ್ಣು-ಮರಳನ್ನು ಒಂದಕ್ಕೊಂದು, ಒಂದಕ್ಕೆರಡು, ಒಂದಕ್ಕೆ ಮೂರು ಹೀಗೆ ಕಲಸಿ ಅಂಗೈಯಗಲದ ಬಿಲ್ಲೆ ತಟ್ಟಿ ನೆರಳಲ್ಲಿ ಒಣಗಿಸಬೇಕು. ಬಿರಿಯದೆ, ಉಗುರಿನಿಂದ ಗೀರಿದರೆ ಪುಡಿ ಉದುರದೆ ಇರುವ ಬಿಲ್ಲೆಯ ಅಳತೆಯೇ ನಿಮ್ಮ ಅಳತೆ. ನಮ್ಮ ಹಿತ್ತಿಲಿನ ಕೆಂಪು ಮಣ್ಣಿಗೆ ಒಂದಕ್ಕೆ ಒಂದೂವರೆ ಸಾಕಾಯಿತು.

ಕಲಸುವುದಕ್ಕೆ ಟಾರ್ಪಾಲು ಹಾಸಿ, ಮಣ್ಣು ಮರಳು ಸುರಿದು, ನೀರು ಚಿಮುಕಿಸಿ ಬರಿಗಾಲಲ್ಲಿ ತುಳಿಯುವುದೇ ದಾರಿ. ಹಿಮ್ಮಡಿಯಿಂದ ತಿರುಚಿ ತುಳಿಯಬೇಕು, ಆಗಾಗ ಟಾರ್ಪಾಲಿನ ಅಂಚು ಎಳೆದು ಮಗುಚಬೇಕು. ಎಲ್ಲರೂ ಮಾಡುವ ತಪ್ಪು ನೀರು ಹೆಚ್ಚು ಹಾಕುವುದು. ನೀರು ಹೆಚ್ಚಿದ್ದರೆ ತುಳಿಯುವುದು ಸುಲಭ, ಆದರೆ ಹೋಗಬೇಕಾದ ನೀರು ಹೆಚ್ಚಿದಷ್ಟೂ ಕುಗ್ಗುವುದೂ ಹೆಚ್ಚು. ಹದ ನೋಡುವುದಕ್ಕೆ ಒಂದು ಮುಷ್ಟಿ ಮಿಶ್ರಣವನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿ. ಕರಕರ ಸದ್ದು ಕೇಳಬೇಕು. ಹರಳಿಗೆ ಹರಳು ತಾಗುತ್ತಿದೆ ಎಂದರ್ಥ. ಆಮೇಲೆ ನಿಂಬೆಗಿಂತ ದೊಡ್ಡ ಉಂಡೆ ಕಟ್ಟಿ ಎದೆಯೆತ್ತರದಿಂದ ನೆಲಕ್ಕೆ ಬಿಡಿ. ಸಗಣಿಯ ಹಾಗೆ ಚಪ್ಪಟೆಯಾದರೆ ನೀರು ಜಾಸ್ತಿ. ಪುಡಿಪುಡಿಯಾದರೆ ನೀರೋ ಜೇಡಿಯೋ ಕಡಿಮೆ. ತಳ ಸ್ವಲ್ಪ ತಗ್ಗಿ ಒಂದೆರಡು ಬಿರುಕು ಬಿಟ್ಟು ಇಡಿಯಾಗಿ ಕೂತರೆ ಹದ ಬಂತು.

ಓವನ್ ಕೂರುವ ಕಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೈಜುಗಲ್ಲೋ ಇಟ್ಟಿಗೆಯೋ, ಸೊಂಟದೆತ್ತರ, ಅರ್ಧ ಟನ್ನು ಹೊರುವಷ್ಟು ಗಟ್ಟಿ ಇದ್ದರೆ ಆಯಿತು. ಅದರ ನೆತ್ತಿಯಲ್ಲಿ ಒಂದು ಕೆಲಸ ಮಾತ್ರ ಮರೆಯಬಾರದು: ನೆಲದ ಕೆಳಗೂ ಕಂಬಳಿ ಬೇಕು. ಖಾಲಿ ಗಾಜಿನ ಬಾಟಲಿಗಳನ್ನು ಮಲಗಿಸಿ, ಸಂದುಗಳಿಗೆ ಹೊಟ್ಟು ಕಲಸಿದ ಜೇಡಿ ತುಂಬಿದರೆ ಬಿಸಿ ಕೆಳಗಿಳಿಯುವುದಿಲ್ಲ. ಅದರ ಮೇಲೆ ಒಂದಿಂಚು ಮರಳು ಸಮಮಾಡಿ ಫೈರ್ ಬ್ರಿಕ್‌ಗಳನ್ನು, ಅಂದರೆ ಹೆಚ್ಚು ಬಿಸಿ ತಡೆಯುವ ಇಟ್ಟಿಗೆಗಳನ್ನು, ಗಾರೆಯಿಲ್ಲದೆ ಒತ್ತಾಗಿ ಕೂರಿಸಬೇಕು. ಒಂದು ಇಟ್ಟಿಗೆಯ ಅಂಚು ದಾರದಷ್ಟು ಎದ್ದಿದ್ದರೂ ಮುಂದೆ ವರ್ಷಗಟ್ಟಲೆ ಬ್ರೆಡ್ಡು ಒಳಗಿಡುವ ಹಲಗೆ ಅಲ್ಲೇ ಎಡವುತ್ತದೆ.

ಗುಮ್ಮಟ ತಾನಾಗಿ ನಿಲ್ಲುವುದಿಲ್ಲ, ಒಳಗೊಂದು ಅಚ್ಚು ಬೇಕು. ಅದು ಒದ್ದೆ ಮರಳಿನದು. ಇಟ್ಟಿಗೆ ನೆಲದ ಮೇಲೆ 27 ಇಂಚಿನ ವೃತ್ತ ಬರೆದು, ನಡುವೆ 16 ಇಂಚಿನ ಕೋಲು ನಿಲ್ಲಿಸಿ, ಕೋಲಿನ ತುದಿ ಮುಚ್ಚುವವರೆಗೆ ಮರಳು ಪೇರಿಸಿ ತಟ್ಟಿ ನುಣ್ಣಗೆ ಮಾಡಬೇಕು. ಬದಿಗಳು ಮೊದಲ ನಾಲ್ಕಿಂಚು ನೆಟ್ಟಗೆದ್ದು ಆಮೇಲೆ ಬಾಗಲಿ, ಇಲ್ಲದಿದ್ದರೆ ಅಂಚಿನಲ್ಲಿ ಬ್ರೆಡ್ಡಿಗೆ ಜಾಗ ಸಾಲದು. ಮೇಲೆ ಒದ್ದೆ ಪತ್ರಿಕೆ ಹೊದಿಸಬೇಕು. ಮುಂದೆ ಮರಳು ತೋಡುವಾಗ ಕಾಗದ ಕಂಡರೆ ಅಲ್ಲಿಗೆ ಕೈ ನಿಲ್ಲಿಸಬೇಕೆಂಬ ಸೂಚನೆ ಅದು. ನಮ್ಮ ಗುಮ್ಮಟದ ಒಳಮೈಯಲ್ಲಿ ಕ್ರೀಡಾಪುಟವೊಂದು ತಿರುವುಮುರುವಾಗಿ ಅಚ್ಚಾಗಿತ್ತು, ಮೊದಲ ಉರಿಗೆ ಹೋಯಿತು.

ಬಾಗಿಲಿನ ಎತ್ತರ ಒಳಗಿನ ಎತ್ತರದ ಶೇಕಡ 63ರಷ್ಟಿರಬೇಕು ಎಂಬ ಅಳತೆಯೊಂದು ಪ್ರಚಲಿತವಾಗಿದೆ, ಕ್ವಿಬೆಕ್‌ನ ಹಳೆಯ ಓವನ್‌ಗಳನ್ನು ಅಳೆದು ಕಂಡುಕೊಂಡದ್ದು. ನಮ್ಮ 16 ಇಂಚಿಗೆ ಹತ್ತಿಂಚಿನ ಬಾಗಿಲು. ಈ ಓವನ್ನಿಗೆ ಚಿಮಣಿ ಇಲ್ಲ, ಬಾಗಿಲೇ ಮೂಗೂ ಬಾಯಿಯೂ. ಕೆಳಗಿನರ್ಧದಿಂದ ತಣ್ಣನೆಯ ಗಾಳಿ ಒಳಗೆ ನುಗ್ಗುತ್ತದೆ, ಮೇಲಿನರ್ಧದಿಂದ ಹೊಗೆ ಹೊರಗೆ ಹೋಗುತ್ತದೆ. ಬಾಗಿಲು ಎತ್ತರವಾದರೆ ಗುಮ್ಮಟದ ನೆತ್ತಿಯಲ್ಲಿ ನಿಲ್ಲಬೇಕಾದ ಬಿಸಿಗಾಳಿ ಸೋರಿಹೋಗುತ್ತದೆ. ತಗ್ಗಾದರೆ ಉಸಿರು ಕಟ್ಟಿ ಬೆಂಕಿ ಹೊಗೆಯಾಡುತ್ತದೆ. ಒಂದು ಬೆಂಕಿ ಹಾಕಿ ಆ ಬಾಗಿಲ ಮುಂದೆ ಐದು ನಿಮಿಷ ಕೂತರೆ ಒಳಹೋಗುವ ಗಾಳಿ, ಹೊರಬರುವ ಹೊಗೆ ಎರಡರ ನಡುವಿನ ಗೆರೆ ಕಣ್ಣಿಗೇ ಕಾಣುತ್ತದೆ.

ಒಳಪದರ ಮೂರೂವರೆ ಇಂಚು ದಪ್ಪ. ಮುಷ್ಟಿ ಮುಷ್ಟಿಯಾಗಿ ಇಟ್ಟು, ಅಚ್ಚಿನ ಕಡೆಗಲ್ಲ, ಕೆಳಗಿನ ಸುತ್ತಿನ ಕಡೆಗೆ ಒತ್ತಬೇಕು. ಅಚ್ಚಿನ ಕಡೆಗೆ ಒತ್ತಿದರೆ ಮರಳು ಕುಸಿದು ಗೋಡೆ ಒಳಗೆ ಉಬ್ಬುತ್ತದೆ. ಶುರು ಮಾಡಿದ ದಿನವೇ ನೆತ್ತಿ ಮುಚ್ಚಬೇಕು, ಅರ್ಧ ಒಣಗಿದ ಸುತ್ತಿಗೆ ಮರುದಿನದ ಮಣ್ಣು ಸರಿಯಾಗಿ ಅಂಟುವುದಿಲ್ಲ. ಇಬ್ಬರಿದ್ದರೆ ಅರ್ಧ ದಿನದ ಕೆಲಸ. ಕೊನೆಗೆ ಮರದ ಪಟ್ಟಿಯಿಂದ ಮೈಯೆಲ್ಲ ತಟ್ಟಿ. ಬೆರಳೊತ್ತಿದರೆ ಗುಳಿ ಬೀಳದಷ್ಟು ಬಿಗಿದ ಮೇಲೆ, ಹವೆ ನೋಡಿಕೊಂಡು ಒಂದೆರಡು ದಿನ ಬಿಟ್ಟು, ಬಾಗಿಲನ್ನು ಚಾಕುವಿನಲ್ಲಿ ಕೊಯ್ದು ಕೈಯಿಂದ ಮರಳು ತೋಡಬೇಕು.

ಇಲ್ಲಿಂದ ಮುಂದೆ ಬೇಕಾದದ್ದು ತಾಳ್ಮೆ. ಲೆಕ್ಕ ನೋಡಿ. ಈ ಅಳತೆಯ ಒಳಪದರದ ತೂಕ ಒಣಗಿದಾಗ ಸುಮಾರು 165 ಕಿಲೋ. ಅದನ್ನು ಕಲಸುವಾಗ ಹೆಚ್ಚುಕಡಿಮೆ 20 ಲೀಟರ್ ನೀರು ಸೇರಿರುತ್ತದೆ. ಅಷ್ಟೂ ಗೋಡೆಯ ಒಳಗಿಂದ ನುಸುಳಿ ಹೊರಬರಬೇಕು. ಒಂದು ಲೀಟರ್ ನೀರು ಕುದಿದು ಆವಿಯಾದರೆ ಸಾವಿರದ ಆರುನೂರು ಲೀಟರಿಗೂ ಮಿಕ್ಕಿ ಜಾಗ ಬೇಡುತ್ತದೆ. ದಾರಿ ಸಿಗದಿದ್ದರೆ ದಾರಿ ಮಾಡಿಕೊಳ್ಳುತ್ತದೆ. ನನ್ನ ಮೊದಲ ಓವನ್ನಿಗೆ ವಾರ ತುಂಬುವ ಮೊದಲೇ ದೊಡ್ಡ ಉರಿ ಹಾಕಿದ್ದೆ; ಅರ್ಧ ಗಂಟೆಯಲ್ಲಿ ಟಪ್ಪೆಂದು ಸದ್ದಾಗಿ ನೆತ್ತಿಯಿಂದ ತಟ್ಟೆಯಗಲದ ಹೆಕ್ಕಳ ಕೆಂಡದ ಮೇಲೆ ಬಿತ್ತು. ಎರಡನೆಯದಕ್ಕೆ ಎರಡು ವಾರ ಗಾಳಿಯಲ್ಲೇ ಒಣಗಲು ಬಿಟ್ಟು, ಆಮೇಲೆ ನಾಲ್ಕು ದಿನ ತೆಂಗಿನ ಗರಿಯ ಸಣ್ಣ ಬೆಂಕಿ ಹಾಕಿದೆ. ಹೊರಮೈ ಬೆವರಿದಂತೆ ಒದ್ದೆಯಾಗುತ್ತಿತ್ತು, ಆಮೇಲೆ ಬಣ್ಣ ತಿಳಿಯಾಯಿತು. ಕೂದಲೆಳೆಯ ಬಿರುಕುಗಳು ಬಂದವು, ಅವಕ್ಕೆ ಹೆದರಬೇಕಾಗಿಲ್ಲ. ಬೆರಳು ತೂರುವ ಬಿರುಕಾದರೆ ಒದ್ದೆ ಮಾಡಿ ಅದೇ ಮಿಶ್ರಣದಿಂದ ತುಂಬಬೇಕು.

ಒಳಪದರ ಒಣಗಿದ ಮೇಲೆ ಕಂಬಳಿ. ಜೇಡಿಯನ್ನು ದೋಸೆ ಹಿಟ್ಟಿನ ಹದಕ್ಕೆ ಕರಗಿಸಿ, ಅದು ಬರೀ ಲೇಪವಾಗುವಷ್ಟು ಭತ್ತದ ಹೊಟ್ಟು ಸೇರಿಸಿ, ನಾಲ್ಕಿಂಚು ದಪ್ಪ ಮೆತ್ತಬೇಕು. ಪರದೇಶದವರು ಇದಕ್ಕೆ ಮರದ ಹೊಟ್ಟನ್ನೋ ಪರ್ಲೈಟ್ ಎಂಬ, ಕಾಯಿಸಿ ಅರಳಿಸಿದ ದುಬಾರಿ ಹಗುರ ಕಲ್ಲನ್ನೋ ಬಳಸುತ್ತಾರೆ. ಅಕ್ಕಿ ಗಿರಣಿಯಿರುವ ಊರಲ್ಲಿ ಅದರ ಹಂಗಿಲ್ಲ. ಭತ್ತದ ಹೊಟ್ಟು ಸುಟ್ಟರೆ ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಆ ಬೂದಿ ಬಹುಪಾಲು ಸಿಲಿಕಾ. ಹೀಗಾಗಿ ಬಿಸಿಗೆ ಹತ್ತಿರವಿರುವ ಹೊಟ್ಟು ಕರಿಕಾದರೂ ಅದರ ಸಿಲಿಕಾದ ಹಂದರ ಕುಸಿಯುವುದಿಲ್ಲ, ಗಾಳಿ ಸಿಕ್ಕಿಕೊಂಡೇ ಇರುತ್ತದೆ.

ಅದರ ಮೇಲೆ ಸುಣ್ಣದ ಗಾರೆ ತೆಳ್ಳಗೆ ಸವರಿದರೆ ನೋಡಲೂ ಚೆಂದ, ತೇವವೂ ಒಳಗಿಂದ ಹೊರಬರುತ್ತದೆ. "ಸಿಮೆಂಟು ಹೊಡೆಸಿ, ಕಲ್ಲಾಗುತ್ತದೆ" ಎನ್ನುವ ಗಾರೆ ಕೆಲಸದವರು ಸಿಗದೆ ಇರುವುದಿಲ್ಲ, ನಾನೂ ಒಮ್ಮೆ ಕೇಳಿ ಕೆಟ್ಟೆ. ಸಿಮೆಂಟು ತೇವವನ್ನು ಒಳಗೇ ಕೂಡಿಹಾಕುತ್ತದೆ, ಮಣ್ಣಿನ ಜೊತೆ ಹಿಗ್ಗಿ ಕುಗ್ಗುವುದಿಲ್ಲ. ಒಳಗಡೆ ಬಳಸಿದರಂತೂ ನಾನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದನ್ನು ಗಟ್ಟಿ ಮಾಡಿದ್ದ ನೀರೇ ಬಿಟ್ಟುಹೋಗಿ ಪುಡಿಯಾಗುತ್ತದೆ. ಸುಣ್ಣ ಬಳಿದರೂ ಮಳೆ ನೇರವಾಗಿ ಬೀಳಬಾರದು. ನಾಲ್ಕು ಕಂಬ, ಮೇಲೊಂದು ತಗಡು ಅಥವಾ ಹೆಂಚು ಬೇಕೇ ಬೇಕು, ಮಲೆನಾಡಿನಲ್ಲಾದರೆ ಗಾಳಿಮಳೆಯ ಕಡೆಗೆ ಒಂದು ತಟ್ಟಿಯೂ ಬೇಕು.

ಬೇಯಿಸುವ ದಿನ ಬೆಂಕಿಯನ್ನು ಬಾಗಿಲಲ್ಲಿ ಹೊತ್ತಿಸಿ ನಿಧಾನವಾಗಿ ಒಳಗೆ ತಳ್ಳಿ. ಸರ್ವೆ, ಜಾಲಿ, ತೆಂಗಿನ ಚಿಪ್ಪು ಒಣಗಿದ್ದರೆ ಯಾವುದೂ ಆದೀತು. ಹಿತ್ತಿಲಲ್ಲಿ ಕಡಿದುಹಾಕಿದ ಕಣಗಿಲೆಯನ್ನು ಮಾತ್ರ ಮುಟ್ಟಬೇಡಿ, ಅದರ ಹೊಗೆಯೂ ವಿಷ. ಮೊದಲು ಗುಮ್ಮಟದ ಒಳಮೈ ಮಸಿ ಹಿಡಿದು ಕಾಡಿಗೆಯಂತೆ ಕಪ್ಪಾಗುತ್ತದೆ. ಗಂಟೆ ಕಳೆದ ಮೇಲೆ ನೆತ್ತಿಯಲ್ಲಿ ರೂಪಾಯಿಯಗಲ ತಿಳಿಬಣ್ಣ ಮೂಡಿ ಸುತ್ತಲೂ ಹರಡುತ್ತಾ ಹೋಗುತ್ತದೆ. ಆ ಬಿಸಿಗೆ ಮಸಿಯೇ ಸುಟ್ಟುಹೋಗುತ್ತಿದೆ ಎಂದರ್ಥ. ಇಡೀ ಗುಮ್ಮಟ ತಿಳಿಯಾದರೆ ಉರಿ ಸಾಕು. ಪಿಜ್ಜಾ ಬೇಕಾದವರು ಕೆಂಡವನ್ನು ಬದಿಗೆ ಸರಿಸಿ ಆಗಲೇ ಇಡಬಹುದು, ಎರಡು ಮೂರು ನಿಮಿಷದ ಕೆಲಸ. ಬ್ರೆಡ್ಡಿಗೆ ಕೆಂಡ ತೆಗೆದು, ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಗೋಡೆಯ ಬಿಸಿ ಎಲ್ಲ ಕಡೆ ಸಮನಾಗುತ್ತದೆ. ಆಮೇಲೆ ನೆಲಕ್ಕೆ ಒಂದು ಚಿಟಿಕೆ ಹಿಟ್ಟು ಎರಚಿ. ಬಿದ್ದ ತಕ್ಷಣ ಕಪ್ಪಾದರೆ ಇನ್ನೂ ಕಾಯಬೇಕು. ಹತ್ತು ಹದಿನೈದು ಎಣಿಸುವಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗಿದರೆ ಬ್ರೆಡ್ಡಿನ ಹದ.

ಬ್ರೆಡ್ಡು ಈಚೆ ಬಂದ ಮೇಲೂ ಗೋಡೆಯಲ್ಲಿ ಬಿಸಿ ಬೇಕಾದಷ್ಟಿರುತ್ತದೆ. ಬದನೆಕಾಯಿ, ಗೆಣಸು, ಆಮೇಲೆ ರಾತ್ರಿಗೆ ಮಡಕೆಯಲ್ಲಿ ಹುರುಳಿಕಾಳು, ಬೆಳಿಗ್ಗೆ ಉಳಿದ ಕಾವಿಗೆ ಮಳೆಗಾಲದಲ್ಲಿ ಮೆತ್ತಗಾದ ಮೆಣಸಿನಕಾಯಿ ಹೀಗೆ ಸರದಿ ಹಾಕಿದರೆ ಸೌದೆ ಸಾರ್ಥಕ. ಸರದಿ ಹಾಕದಿದ್ದರೆ ಇದು ದುಂದಿನ ಕೆಲಸವೇ ಸರಿ. 165 ಕಿಲೋ ಮಣ್ಣನ್ನು ಸರಾಸರಿ 300 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 38 ಮೆಗಾಜೂಲ್. ಒಣಸೌದೆಯಲ್ಲಿ ಕಿಲೋಗೆ 15 ಮೆಗಾಜೂಲ್ ಇರುತ್ತದೆ, ಅಂದರೆ ಎರಡೂವರೆ ಕಿಲೋ ಸಾಕಾಗಬೇಕಿತ್ತು. ನಾನು ಸುಡುವುದು ಎಂಟರಿಂದ ಹತ್ತು ಕಿಲೋ. ಮಿಕ್ಕದ್ದು ಬಹುಪಾಲು ಬಾಗಿಲಿನಿಂದ ಆಕಾಶಕ್ಕೆ. ಎರಡು ರೊಟ್ಟಿಗಾಗಿ ಇದನ್ನು ಹೊತ್ತಿಸುವವನು ಅತ್ತೆಯ ಬೈಗುಳಕ್ಕೆ ಅರ್ಹ.

ಬಿದ್ದುಹೋದ ಮೊದಲ ಓವನ್ನಿನ ತುಂಡುಗಳನ್ನು ಎರಡನೆಯದು ಕಟ್ಟುವ ಹಿಂದಿನ ದಿನ ನೀರಿನ ಬಕೆಟ್ಟಿಗೆ ಹಾಕಿದ್ದೆ, ಮತ್ತೆ ಮಣ್ಣಾಗಲಿ ಎಂದು. ಬೆಳಿಗ್ಗೆ ಕೈ ಹಾಕಿದರೆ ಹೊರಪಾಲು ಕರಗಿ ಕೆಸರಾಗಿತ್ತು, ಒಳಮೈಯ ಅರ್ಧ ಇಂಚು ಮಾತ್ರ ಬಿಲ್ಲೆಬಿಲ್ಲೆಯಾಗಿ ಹಾಗೇ ಉಳಿದಿತ್ತು. ಐನೂರು ಡಿಗ್ರಿಯ ಆಸುಪಾಸಿನಲ್ಲಿ ಜೇಡಿಯ ಹರಳಿನೊಳಗೇ ಬೆಸೆದಿದ್ದ ನೀರು ಹೋಗಿಬಿಡುತ್ತದೆ, ಆಮೇಲೆ ಅದು ಎಷ್ಟು ನೆನೆಸಿದರೂ ಮಣ್ಣಿಗೆ ಮರಳುವುದಿಲ್ಲ. ಉರಿಗೆ ಮುಖ ಕೊಟ್ಟಿದ್ದ ಅಷ್ಟು ಭಾಗ ಇಟ್ಟಿಗೆಯಾಗಿತ್ತು, ಹಿಂದಿನದು ಹಸಿಮಣ್ಣಾಗಿಯೇ ಉಳಿದಿತ್ತು. ಕೆಸರನ್ನು ಸೋಸಿ ಕಂಬಳಿಯ ಪದರಕ್ಕೆ ಬಳಸಿದೆ. ಬಿಲ್ಲೆಗಳನ್ನು ಒಳಕಲ್ಲಿನಲ್ಲಿ ಕುಟ್ಟಿ, ಜರಡಿ ಹಿಡಿದು, ಹೊಸ ಗುಮ್ಮಟದ ಮರಳಿಗೆ ಸೇರಿಸಿದೆ.